ಒಂಬತ್ತನೇ ತರಗತಿಗೆ ಮ್ಯಾಕ್‌ಬೆತ್: 14 ಪಿರಿಯಡ್‌ನಲ್ಲಿ ಏನು ಓದಿಸೋದು, ಏನು ಬಿಡೋದು?

ಕೊರಟಗೆರೆ ಇಂಗ್ಲಿಷ್

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ, 48 ಮಕ್ಕಳು, 40 ನಿಮಿಷದ 14 ಪಿರಿಯಡ್. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ (ಮಾಟಗಾತಿಯರ ಭವಿಷ್ಯ ಕೇಳಿ, ಹೆಂಡತಿಯ ಒತ್ತಾಯಕ್ಕೆ ರಾಜ ಡಂಕನ್‌ನನ್ನ ಕೊಂದು ಪಟ್ಟಕ್ಕೇರೋ ಸ್ಕಾಟ್ಲೆಂಡಿನ ಸೇನಾನಿಯ ಕಥೆ) ಮೂಲ ಇಂಗ್ಲಿಷ್‌ನಲ್ಲೇ ಆಗಬೇಕು, ಕಥೆಯ ಸಾರಾಂಶ ಸಾಲದು. ಅರ್ಧದಷ್ಟು ಮಕ್ಕಳು ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಸಾಲು ಸಾಲಿಗೂ ಅರ್ಥ ಹೇಳ್ತಾ ಹೋದರೆ ಮೊದಲನೇ ಅಂಕ ಮುಗಿಯೋದರೊಳಗೆ ಪಿರಿಯಡ್ ಖಾಲಿ. ಯಾವ ದೃಶ್ಯ ಇಟ್ಕೊಳ್ಳಬೇಕು, ಯಾವುದನ್ನ ಕಥೆ ಹೇಳಿ ದಾಟಿಸಬಹುದು? ಕೊನೆಗೆ ಮಕ್ಕಳು ಉತ್ತರವನ್ನೂ ಬರೀಬೇಕು. ಪಾಠ ಮಾಡಿ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ತಿಪಟೂರು ಕೊಬ್ರಿ

ಧೈರ್ಯ ತಗೊಳ್ಳಿ ಸರ್. ಶೇಕ್ಸ್‌ಪಿಯರ್ ದುರಂತ ನಾಟಕಗಳಲ್ಲಿ ಇದೇ ಚಿಕ್ಕದು, ಹ್ಯಾಮ್ಲೆಟ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದರೂ 28 ದೃಶ್ಯ ಇವೆ (ಕೆಲವು ಮುದ್ರಣಗಳಲ್ಲಿ ಕೊನೇ ಅಂಕವನ್ನ ಇನ್ನೂ ಒಡೆದಿರ್ತಾರೆ). ಅಷ್ಟನ್ನೂ 14 ಪಿರಿಯಡ್‌ಗೆ ತುರುಕೋಕೆ ಹೋಗಬೇಡಿ.

ಮೂಲದಲ್ಲೇ ಓದಿಸಬೇಕಾದ್ದು ಇಷ್ಟು (ಮೊದಲ ಸಂಖ್ಯೆ ಅಂಕ, ಎರಡನೇದು ದೃಶ್ಯ): 1.1, 1.3, 1.5, 1.7, 2.1ರ ಕಠಾರಿ ಸ್ವಗತ, 2.2 ಪೂರ್ತಿ, 3.4ರ ಔತಣ, 4.1, 5.1, 5.5, 5.8. ಮಧ್ಯದ್ದನ್ನ ನೀವೇ ಕನ್ನಡದಲ್ಲಿ ಹೇಳಿ ದಾಟಿಸಿ, ಒಂದೊಂದಕ್ಕೆ ಐದು ನಿಮಿಷ ಮೀರಬೇಡಿ. 3.5ರಲ್ಲಿ ಮಾಟಗಾತಿಯರ ಒಡತಿ ಹೆಕಟಿ ಬರೋ ದೃಶ್ಯ ಕಣ್ಣು ಮುಚ್ಚಿ ಬಿಡಬಹುದು. ಅದು ಬೇರೆಯವರು ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಕಥೆಯೂ ಅದರಿಂದ ಒಂದು ಹೆಜ್ಜೆ ಮುಂದೆ ಹೋಗಲ್ಲ.

ಮೊದಲನೇ ಪಿರಿಯಡ್‌ನಲ್ಲಿ ಕವಿಯ ಜೀವನ ಚರಿತ್ರೆ ಬೇಡ. 1564, ಸ್ಟ್ರಾಟ್‌ಫರ್ಡ್, ಗ್ಲೋಬ್ ಅಂತ ಬೋರ್ಡ್ ತುಂಬಿಸಿದರೆ ಮಕ್ಕಳು ಅದನ್ನೇ ನೋಟ್ಸ್ ಅಂದುಕೊಂಡು ಉರು ಹೊಡೀತಾರೆ. ಇತಿಹಾಸ ಬೇಕಾಗೋದು 4.1ರಲ್ಲಿ. ಅಲ್ಲಿ ಎಂಟು ರಾಜರ ಮೆರವಣಿಗೆ ಬರುತ್ತೆ, ಹಿಂದೆ ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಭೂತ. ಸ್ಕಾಟ್ಲೆಂಡಿನ ದೊರೆ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದ, ಬ್ಯಾಂಕೋ ತನ್ನ ವಂಶದ ಮೂಲಪುರುಷ ಅನ್ನೋ ನಂಬಿಕೆ ಇತ್ತು, 1605ರಲ್ಲಿ ಅವನನ್ನ ಮದ್ದು ಇಟ್ಟು ಉಡಾಯಿಸೋ ಸಂಚು ಬಯಲಾಯ್ತು, ನಾಟಕ ಬಂದಿದ್ದು 1606ರ ಆಸುಪಾಸು. ಇಷ್ಟನ್ನ ಆ ಮೆರವಣಿಗೆ ಹೊತ್ತಿಗೆ ಹೇಳಿದರೆ ನಾಲ್ಕೇ ನಿಮಿಷ, ಮರೆಯೋದೂ ಇಲ್ಲ.

ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು 2.2ಕ್ಕೆ, ಎರಡು ಪಿರಿಯಡ್ ಪೂರ್ತಿ. ಇಂಗ್ಲಿಷ್ ಬರದ ಮಕ್ಕಳಿಗೂ ಕೈಗೆಟುಕೋದು ಇದೇ. ಕೊಲೆ ತೆರೆಮರೆಯಲ್ಲಿ ಆಗಿದೆ, ಗಂಡ ಹೊರಗೆ ಬರ್ತಾನೆ, ಅಲ್ಲಿಂದ ಒಂದೊಂದೇ ಮಾತು: “ವೆನ್?” “ನೌ.” “ಆಸ್ ಐ ಡಿಸೆಂಡೆಡ್?” “ಐ” (ಹೌದು). ಓದೋಕೆ ತಡವರಿಸೋ ಹುಡುಗನಿಗೆ ಉದ್ದ ಸ್ವಗತ ಕೊಟ್ಟು ಎಲ್ಲರ ಮುಂದೆ ಮಾನ ಕಳೆಯೋ ಬದಲು ಈ ಒಂದು ಮಾತಿನ ಸಾಲು ಕೊಡಿ. ಇಬ್ಬಿಬ್ಬರನ್ನ ಜೋಡಿ ಮಾಡಿ, ಪಿಸುದನಿಯಲ್ಲಿ ಮೂರು ಸಲ ಹೇಳಿಸಿ. ಮೂರನೇ ಸಲ ನೀವು ಬಾಗಿಲು ಬಡೀರಿ, ಪಠ್ಯದಲ್ಲೇ ಆ ಬಡಿತ ಇದೆ. ಅರ್ಥ ಆಮೇಲೆ ಕೇಳಿ, ಮುಕ್ಕಾಲುಪಾಲು ಅವರೇ ಹೇಳಿರ್ತಾರೆ.

ಶ್ರೀನಿವಾಸಪುರ ಮಾವು

ಕೊಬ್ರಿ ಸರ್ ಪಟ್ಟಿಯಲ್ಲಿ ಒಂದು ತಕರಾರು. 4.2 ಬಿಟ್ಟಿದ್ದೀರಿ. ಫೈಫ್‌ನ ಥೇನ್ (ಒಡೆಯ) ಮ್ಯಾಕ್‌ಡಫ್‌ನ ಹೆಂಡತಿ, ಮಗನನ್ನ ಮ್ಯಾಕ್‌ಬೆತ್ ಕೊಲ್ಲಿಸೋ ದೃಶ್ಯ. ಅದು ಇಲ್ಲದಿದ್ದರೆ 5.1ರಲ್ಲಿ ಲೇಡಿ ಮ್ಯಾಕ್‌ಬೆತ್ “ದಿ ಥೇನ್ ಆಫ್ ಫೈಫ್ ಹ್ಯಾಡ್ ಅ ವೈಫ್” ಅಂದಾಗ ಮಕ್ಕಳು ಬಾಯಿ ಬಿಟ್ಕೊಂಡು ಕೂರ್ತಾರೆ. ಕೊನೆಗೆ ಮ್ಯಾಕ್‌ಡಫ್ ಬಂದು ಮ್ಯಾಕ್‌ಬೆತ್‌ನ ತಲೆ ತೆಗೆದರೂ ಯಾಕೆ ಅವನೇ ತೆಗೀಬೇಕಿತ್ತು ಅನ್ನೋದು ತಟ್ಟಲ್ಲ.

ನಾಟಕದಲ್ಲಿ ಮಗು ಅಷ್ಟು ಹೊತ್ತು ಮಾತಾಡೋ ಜಾಗ ಅದೊಂದೇ ಅನ್ನಬಹುದು. ಅಪ್ಪ ಸತ್ತ, ಈಗ ಹೇಗೆ ಬದುಕ್ತೀಯ ಅಂತ ತಾಯಿ ಕೇಳಿದರೆ ಹಕ್ಕಿಗಳ ಹಾಗೆ ಅಂತಾನೆ. ಆ ತಾಯಿ ಮಗನ ಮಾತು ಓದಿಸಿ, ಕೊಲೆಗಾರರು ಬರೋಕೆ ಮುಂಚೆ ಪುಸ್ತಕ ಮುಚ್ಚಿಸಿ. ಮುಂದಿನದು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಹದಿನಾಲ್ಕು ವರ್ಷದ ಮಕ್ಕಳ ಕೈಲಿ ಮಗುವಿನ ಕೊಲೆ ಆಡಿಸೋ ಅಗತ್ಯ ಇಲ್ಲ, ಆಡಿಸಿದರೆ ನಗ್ತಾರೆ, ಅದು ಇನ್ನೂ ಕೆಟ್ಟದ್ದು.

ಹಾಗೇ 4.3 ಉದ್ದ ಅಂತ ಪೂರ್ತಿ ಬಿಡಬೇಡಿ. ಡಂಕನ್‌ನ ಮಗ ಮಾಲ್ಕಮ್ ತನ್ನನ್ನ ತಾನೇ ಕೆಟ್ಟವನು ಅಂತ ಹೇಳಿಕೊಳ್ಳೋ ಪರೀಕ್ಷೆ ಬಿಡಿ. ರಾಸ್ ಬಂದು ಮ್ಯಾಕ್‌ಡಫ್‌ಗೆ ಹೆಂಡತಿ ಮಕ್ಕಳ ಕೊಲೆಯ ಸುದ್ದಿ ಹೇಳೋ ಕಡೆಯಿಂದ ಕೊನೆವರೆಗೆ ಓದಿಸಿ. “ಆಲ್ ಮೈ ಪ್ರೆಟಿ ಒನ್ಸ್?” ಅಂತ ಅವನು ಮತ್ತೆ ಮತ್ತೆ ಕೇಳೋದು ಅಲ್ಲಿ.

ತಿಪಟೂರು ಕೊಬ್ರಿ

ಒಪ್ಪಿದೆ ಮೇಡಂ. 4.2ರ ಅರ್ಧ, 4.3ರ ಬಾಲ ಸೇರಿಸಿ ಒಂದು ಪಿರಿಯಡ್. ಅದಕ್ಕೆ ಜಾಗ ಬೇಕಾದರೆ 1.3ರ ಆರಂಭದಲ್ಲಿ ಮಾಟಗಾತಿಯರು ಹೇಳೋ ಹಡಗಿನವನ ಕಥೆ ಕಿತ್ತು ಹಾಕಿ, ಬ್ಯಾಂಕೋ ಮ್ಯಾಕ್‌ಬೆತ್ ಬರೋ ಕಡೆಯಿಂದ ಶುರು ಮಾಡಿ.

ಬಾಗೇಪಲ್ಲಿ ಟೀಚರ್

ಓದಿಸೋ ವಿಷಯದಲ್ಲಿ ಎರಡು ಮಾತು. ನಮ್ಮ ಕಡೆ ಮನೆ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೇದು. ಎರಡೂ ಮನೆ ಭಾಷೆಗಳಲ್ಲಿ ಪದದ ಕೊನೆಗೆ ಸ್ವರ ಬೇಕು. ಹಾಗಾಗಿ ನೈಟ್ ಹೋಗಿ ನೈಟು, ಬ್ಲಡ್ ಹೋಗಿ ಬ್ಲಡ್ಡು, ಹ್ಯಾಂಡ್ ಹೋಗಿ ಹ್ಯಾಂಡು. ಮಾತಾಡುವಾಗ ಇದರಿಂದ ನಷ್ಟ ಇಲ್ಲ. ಪದ್ಯದಲ್ಲಿ ಮಾತ್ರ ಹತ್ತು ಉಚ್ಚಾರದ ಸಾಲು ಹದಿಮೂರು ಹದಿನಾಲ್ಕಕ್ಕೆ ಏರಿ ಲಯ ಮುರಿಯುತ್ತೆ. ಆಗ ಟೀಚರ್‌ಗೂ ಇದು ಗದ್ಯ ಅನ್ನಿಸಿಬಿಡುತ್ತೆ.

ಮಕ್ಕಳಿಗೆ ಐಯಾಂಬಿಕ್ ಪೆಂಟಾಮೀಟರ್ ಅನ್ನೋ ಹೆಸರು ಮೊದಲು ಹೇಳಬೇಡಿ. ಮ್ಯಾಕ್‌ಬೆತ್‌ನ ಮೊದಲ ಸಾಲನ್ನೇ ಬೋರ್ಡ್ ಮೇಲೆ ಬರೀರಿ: ಸೋ ಫೌಲ್ ಅಂಡ್ ಫೇರ್ ಅ ಡೇ ಐ ಹ್ಯಾವ್ ನಾಟ್ ಸೀನ್. ಫೌಲ್, ಫೇರ್, ಡೇ, ಹ್ಯಾವ್, ಸೀನ್ ಇವುಗಳ ಕೆಳಗೆ ಗೆರೆ ಎಳೀರಿ, ಗೆರೆ ಬಂದಲ್ಲಿ ಮಾತ್ರ ಚಪ್ಪಾಳೆ. ಐದು ಚಪ್ಪಾಳೆ, ಹತ್ತು ಉಚ್ಚಾರ. ಆಮೇಲೆ ಪಕ್ಕದಲ್ಲಿ ಮಾಟಗಾತಿಯರ ಸಾಲು: ಫೇರ್ ಈಸ್ ಫೌಲ್ ಅಂಡ್ ಫೌಲ್ ಈಸ್ ಫೇರ್. ಇದು ಚಪ್ಪಾಳೆಯಿಂದಲೇ ಶುರುವಾಗುತ್ತೆ, ನಾಲ್ಕೇ ಪೆಟ್ಟು. ಮನುಷ್ಯರ ನಡಿಗೆ ಒಂದು, ಆ ಮೂವರ ನಡಿಗೆ ಇನ್ನೊಂದು ಅಂತ ಕಿವಿಗೆ ಗೊತ್ತಾಗುತ್ತೆ. ಅವರನ್ನ ಇನ್ನೂ ನೋಡಿಯೇ ಇಲ್ಲದ ಮ್ಯಾಕ್‌ಬೆತ್ ಅವರ ಮಾತನ್ನೇ ಆಡಿಕೊಂಡು ಬರ್ತಾನಲ್ಲ ಅಂತ ಒಬ್ಬ ಹುಡುಗ ಅಥವಾ ಹುಡುಗಿ ಎದ್ದು ಕೇಳೇ ಕೇಳ್ತಾರೆ. ಕೇಳದಿದ್ದರೆ ನೀವೇ ಕೇಳಿ.

ಕನ್ನಡ ಪಂಡಿತರು ಮಾತ್ರೆ ಎಣಿಸೋದು ಕಲಿಸಿರ್ತಾರೆ. ಆ ಲೆಕ್ಕ ಇಲ್ಲಿಗೆ ತರೋಕೆ ಬಿಡಬೇಡಿ. ಅಲ್ಲಿ ಅಕ್ಷರದ ಹ್ರಸ್ವ ದೀರ್ಘ ಎಣಿಕೆ, ಇಲ್ಲಿ ಪೆಟ್ಟು ಎಲ್ಲಿ ಬೀಳುತ್ತೆ ಅನ್ನೋದು. ಎರಡನ್ನೂ ಬೆರೆಸಿ ಪ್ರಸ್ತಾರ ಹಾಕೋಕೆ ಕೂತರೆ ಪಿರಿಯಡ್ ಹೋಯ್ತು.

ಪಾವಗಡ ಬಿಸಿಲು

ಮಾಟಗಾತಿಯರ ಬಗ್ಗೆ ಕೇಳಬೇಕಿತ್ತು. ಮೂಢನಂಬಿಕೆ ಕಲಿಸ್ತೀರಾ ಅಂತ ಪೋಷಕರು ಬಂದರೆ ಏನು ಹೇಳೋದು? ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರ ತಡೆಗೆ 2017ರ ಕಾಯ್ದೆ ಬೇರೆ ಇದೆಯಲ್ಲ.

ಶ್ರೀನಿವಾಸಪುರ ಮಾವು

ಕಾಯ್ದೆ ಇರೋದು ಜನರ ಮೇಲೆ ಅಂಥ ಆಚರಣೆ ಮಾಡೋದರ ವಿರುದ್ಧ. ನಾಟಕ ಓದೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪೋಷಕರಿಗೆ 1.3 ತೋರಿಸಿ. ಮೂವರೂ ಕೊಲ್ಲು ಅಂತ ಎಲ್ಲೂ ಹೇಳಲ್ಲ. ರಾಜನಾಗ್ತೀಯ ಅಂತಾರೆ, ಅಷ್ಟೆ. ಕೊಲೆ ಅನ್ನೋ ಪದ ಮೊದಲು ಬರೋದು ಮ್ಯಾಕ್‌ಬೆತ್‌ನ ಸ್ವಂತ ಯೋಚನೆಯಲ್ಲಿ, ಅದೇ ದೃಶ್ಯದ ಅವನ ಆತ್ಮಗತದಲ್ಲಿ. ನಿನ್ನ ವಂಶದವರು ರಾಜರಾಗ್ತಾರೆ ಅಂತ ಬ್ಯಾಂಕೋಗೂ ಭವಿಷ್ಯ ಹೇಳಿದ್ರು, ಅವನು ಅದಕ್ಕಾಗಿ ಯಾರ ಮೇಲೂ ಕತ್ತಿ ಎತ್ತಲಿಲ್ಲ. ಜ್ಯೋತಿಷ್ಯ ನಂಬಿ ಕೆಡೋದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ನಿಜವಾದ ಎಚ್ಚರಿಕೆ ವೇಷದಲ್ಲಿ ಬೇಕು. ಮುಖಕ್ಕೆ ಮಸಿ ಬಳಿಯೋದು, ಬುಡಬುಡಿಕೆಯವರ ಥರ ಬಟ್ಟೆ ಹಾಕಿಸೋದು, ಊರಲ್ಲಿ ಒಂಟಿಯಾಗಿರೋ ಅಜ್ಜಿಯರ ನಡಿಗೆ ಅಣಕಿಸೋದು, ಇವು ಮೂರೂ ಬೇಡ. ಕ್ಲಾಸಲ್ಲಿ ಆ ಸಮುದಾಯದ ಮಕ್ಕಳು ಇರ್ತಾರೆ. ಒಂದು ಕಂಬಳಿ ಹೊದ್ದು ಮೂವರೂ ಒಟ್ಟಿಗೆ ಒಂದೇ ದನಿಯಲ್ಲಿ ಮಾತಾಡಿದರೆ ಸಾಕು. ಪಾತ್ರ ಹುಡುಗರೇ ಮಾಡಬಹುದು, ಅವರಿಗೆ ಗಡ್ಡ ಇದೆ ಅಂತ ಬ್ಯಾಂಕೋ ಹೇಳ್ತಾನೆ.

ಗುಬ್ಬಿ ಹಾರ್ಮೋನಿಯಂ

ಆಡಿಸೋ ವಿಚಾರ ನಾನ್ ಹೇಳ್ತೀನಿ. ನಮ್ ಜಿಲ್ಲೆ ಮಕ್ಳು ನಾಟಕ ನೋಡಿಲ್ಲ ಅನ್ನಂಗಿಲ್ಲ. ಜಾತ್ರೆ ಹಬ್ಬ ಅಂದ್ರೆ ರಾತ್ರಿಯೆಲ್ಲ ಕುರುಕ್ಷೇತ್ರ ನಡೀತದೆ. ಅದ್ರಿಂದ ಲಾಭಾನೂ ಇದೆ, ತೊಂದ್ರೆನೂ ಇದೆ. ಲಾಭ ಏನಪ್ಪ ಅಂದ್ರೆ ದುರ್ಯೋಧನನ ಕೇಡು ಗೊತ್ತಿದ್ರೂ ಅವನ ಛಲಕ್ಕೆ ಚಪ್ಪಾಳೆ ಹೊಡ್ಯೋದು ಅವ್ರಿಗೆ ಹೊಸದಲ್ಲ. 5.8ರಲ್ಲಿ ಭವಿಷ್ಯ ಎಲ್ಲಾ ಉಲ್ಟಾ ಹೊಡೆದ ಮೇಲೂ ಶರಣಾಗಲ್ಲ ಅಂತ ಮ್ಯಾಕ್‌ಬೆತ್ ಗುರಾಣಿ ಎತ್ತುತಾನಲ್ಲ, ಅದನ್ನ ವಿವರಿಸೋ ಕೆಲಸಾನೇ ಇಲ್ಲ. ಪಾಪಿ ಮೇಲೆ ಮರುಕ ಹೆಂಗ್ ಬತ್ತದೆ ಅಂತ ಅವ್ರಿಗೆ ಗೊತ್ತು.

ತೊಂದ್ರೆ ಅಂದ್ರೆ ಕೂಗಾಟ. ಕೈಗೆ ಕತ್ತಿ ಕೊಟ್ ತಕ್ಷಣ ಎದೆ ಉಬ್ಬಿಸಿ ಸಾಲಿನ ಕೊನೆ ಎಳೀತಾರೆ. 2.2 ಹಂಗೆ ಕೂಗಿದ್ರೆ ಮನೆ ಮಂದಿಯೆಲ್ಲ ಎದ್ದು ಬರ್ಬೇಕು! ಅದ್ಕೆ ಒಂದು ಉಪಾಯ: ಕ್ಲಾಸಿನ ಹಿಂದಿನ ಬೆಂಚಲ್ಲಿ ಒಬ್ಬನ್ನ ನಿದ್ದೆ ಮಾಡೋ ಕಾವಲುಗಾರ ಅಂತ ಕೂರ್ಸಿ. ಮಾತು ಅವ್ನಿಗೆ ಸ್ಪಷ್ಟವಾಗಿ ಕೇಳ್ಸಿದ್ರೆ ಕೈ ಎತ್ತಬೇಕು, ಕೈ ಎತ್ತಿದ್ರೆ ದೃಶ್ಯ ಮೊದ್ಲಿಂದ. ದನಿ ತಾನಾಗೇ ಇಳೀತದೆ.

ಕಠಾರಿ ಲೆಕ್ಕ ನೋಡ್ಕಳಿ. 2.1ರಲ್ಲಿ ಗಾಳೀಲಿ ಕಾಣೋದು ಒಂದು, ಅದು ತೋರಿಸೋಂಗಿಲ್ಲ. 2.2ಕ್ಕೆ ಕಾವಲುಗಾರರ ಕಠಾರಿಗಳನ್ನ ಅವ್ನು ಅಲ್ಲೇ ಬಿಟ್ ಬರ್ಬೇಕಿತ್ತು, ಮರ್ತು ಕೈಯಲ್ಲೇ ತಂದಿರ್ತಾನೆ. ಹೆಂಡ್ತಿಗೆ ಅದು ಕಾಣೋದು ತಡವಾಗಿ. ಹಂಗಾಗಿ ಶುರೂಲಿ ಕೈ ಬೆನ್ನ ಹಿಂದೆ ಇರ್ಬೇಕು. ರಟ್ಟಿಂದು ಎರಡು ಸಾಕು, ಸ್ಟೀಲ್ ಸ್ಕೇಲ್ ಬೇಡ.

ರಕ್ತಕ್ಕೆ ಅರಿಶಿನ ಸುಣ್ಣದ ಓಕುಳಿ ಮಾಡ್ಬೇಡಿ. ಸುಣ್ಣ ಕಣ್ಣಿಗೆ ಬಿದ್ರೆ ಅಪಾಯ, ಯೂನಿಫಾರಂ ಕಲೆ ಹೋಗಕ್ಕಿಲ್ಲ. ಕೆಂಪು ಬಟ್ಟೆ ಪಟ್ಟಿ ಅಂಗೈಗೆ ಸುತ್ತಿ. ಕೈ ತೊಳ್ಯೋ ಮಾತು ಬಂದಾಗ ಲೇಡಿ ಮ್ಯಾಕ್‌ಬೆತ್ ಅದನ್ನ ಬಿಚ್ಚಿ ಎಸೀಲಿ, ಮ್ಯಾಕ್‌ಬೆತ್‌ದು ಬಿಚ್ಚೋಕೇ ಬರ್ಬಾರ್ದು, ಗಂಟು ಬಿಗಿಯಾಗಿ ಹಾಕಿ.

ಔತಣ 3.4 ಆಡ್ಸೋಕೆ ಇಡೀ ಕ್ಲಾಸೇ ಅತಿಥಿಗಳು. ಒಂದು ಖಾಲಿ ಕುರ್ಚಿ. ಬ್ಯಾಂಕೋ ಪಾತ್ರಧಾರಿನ ಅದ್ರಲ್ಲಿ ಒಂದ್ಸಲ ಕೂರ್ಸಿ ಆಡ್ಸಿ, ಇನ್ನೊಂದ್ಸಲ ಖಾಲಿ ಬಿಟ್ಟು ಆಡ್ಸಿ, ಯಾವ್ದು ಹೆದ್ರಿಕೆ ಅಂತ ಕೇಳಿ. ಇಡೀ ದೃಶ್ಯದಲ್ಲಿ ಭೂತ ಒಂದು ಮಾತೂ ಆಡಲ್ಲ, ಬಾಯಿಪಾಠ ಬರದ ಹುಡುಗ್ನಿಗೆ ಹೇಳಿ ಮಾಡ್ಸಿದ ಪಾತ್ರ.

ತಿಪಟೂರು ಕೊಬ್ರಿ

ಹಾರ್ಮೋನಿಯಂ ಮೇಷ್ಟ್ರೇ, ಔತಣಕ್ಕೆ ಒಂದು ಸೇರಿಸ್ತೀನಿ. ಶುರುವಿಗೆ ಮ್ಯಾಕ್‌ಬೆತ್ ನಿಮ್ಮ ನಿಮ್ಮ ದರ್ಜೆ ನಿಮಗೆ ಗೊತ್ತು, ಕೂತ್ಕೊಳ್ಳಿ ಅಂತಾನೆ. ಕೊನೆಗೆ ಅವನ ಹೆಂಡತಿ ದರ್ಜೆ ಗಿರ್ಜೆ ನೋಡಬೇಡಿ, ಈಗಲೇ ಹೊರಡಿ ಅಂತ ಎಲ್ಲರನ್ನೂ ಎಬ್ಬಿಸ್ತಾಳೆ. ಅದಕ್ಕೆ ಮಕ್ಕಳು ಒಳಗೆ ಬರುವಾಗ ಎತ್ತರದ ಪ್ರಕಾರ ಸಾಲಾಗಿ ಬಂದು ಕೂರಲಿ, ಹೋಗುವಾಗ ಗುಂಪುಗುಂಪಾಗಿ ನುಗ್ಗಲಿ. ರಾಜ್ಯದ ಕ್ರಮ ಕೆಟ್ಟಿತು ಅಂತ ಬೋರ್ಡ್ ಮೇಲೆ ಬರೆಯೋದೇ ಬೇಡ.

ಮುಳಬಾಗಿಲು

ಕನ್ನಡ ಅನುವಾದ ಕೊಡಬೇಕೋ ಬೇಡವೋ ಅನ್ನೋದು ಯಾರೂ ಎತ್ತಲಿಲ್ಲ. ನಮ್ಮೂರಲ್ಲೇ 1887ರಲ್ಲಿ ಹುಟ್ಟಿದ ಡಿವಿಜಿ ಈ ನಾಟಕವನ್ನ ಕನ್ನಡಕ್ಕೆ ತಂದಿದ್ದಾರೆ. ಅದಕ್ಕೂ ಮುಂಚೆ 1895ರಲ್ಲೇ ಶ್ರೀಕಂಠೇಶಗೌಡರು ಇದನ್ನ ಪ್ರತಾಪರುದ್ರದೇವ ಅಂತ ಹೆಸರು ಬದಲಿಸಿ ನಮ್ಮ ನೆಲದ ಕಥೆ ಮಾಡಿದ್ದರು. ಶಿಕ್ಷಕರು ಇವನ್ನ ಓದಿಟ್ಟುಕೊಳ್ಳೋದು ಒಳ್ಳೇದು, ಕಷ್ಟದ ಸಾಲಿಗೆ ದಾರಿ ಸಿಗುತ್ತೆ. ಮಕ್ಕಳ ಕೈಗೆ ಮೊದಲೇ ಕೊಟ್ಟರೆ ಎರಡು ತೊಂದರೆ. ಆ ಕಾಲದ ಕನ್ನಡ ಈಗಿನ ಒಂಬತ್ತನೇ ತರಗತಿಗೆ ಇಂಗ್ಲಿಷ್‌ನಷ್ಟೇ ಭಾರ. ಇನ್ನು ಸರಳ ಕನ್ನಡ ಕೊಟ್ಟರೆ ಮೂಲದ ಕಡೆ ಯಾರೂ ತಿರುಗಿ ನೋಡಲ್ಲ.

ಕಠಾರಿ ಸ್ವಗತಕ್ಕೆ ಹೀಗೆ ಮಾಡಬಹುದು. ಸುಮಾರು 30 ಸಾಲು ಇದೆ. ನಾಲ್ಕು ನಾಲ್ಕು ಸಾಲಿನ ಚೀಟಿ ಮಾಡಿ ಆರೇಳು ಜನದ ಗುಂಪಿಗೆ ಒಂದೊಂದು. ಪ್ರತಿ ಗುಂಪು ತಮ್ಮ ಚೀಟಿಯ ಸಾರವನ್ನ ತಾವು ಮನೇಲಿ ಆಡೋ ಮಾತಲ್ಲಿ, ಕನ್ನಡವೋ ತೆಲುಗೋ ಉರ್ದುವೋ, ಒಂದೇ ವಾಕ್ಯ ಮಾಡಿ ಹೇಳಬೇಕು. ಆಮೇಲೆ ಅದೇ ಸಾಲನ್ನ ಇಂಗ್ಲಿಷ್‌ನಲ್ಲಿ ಓದಬೇಕು. ಹತ್ತು ನಿಮಿಷ ತಯಾರಿ, ಹದಿನೈದು ನಿಮಿಷ ಹೇಳಿಕೆ. ಗೊತ್ತಿಲ್ಲದ ಪದ ಚೀಟಿಗೆ ಮೂರಕ್ಕಿಂತ ಹೆಚ್ಚಿಗೆ ಇದ್ದರೆ ಅಂಚಿನಲ್ಲಿ ಅರ್ಥ ಬರೆದುಕೊಡಿ, ನಿಘಂಟು ಹುಡುಕೋಕೆ ಬಿಟ್ಟರೆ ಅದರಲ್ಲೇ ಕಾಲ ಕಳೀತಾರೆ.

ಜೆರಾಕ್ಸ್ ಮಾಡಿಸುವಾಗ ನಾಟಕದ ಪಠ್ಯಕ್ಕೆ ಹಕ್ಕುಸ್ವಾಮ್ಯದ ಅಡ್ಡಿ ಇಲ್ಲ. ಅಂಗಡೀಲಿ ಸಿಗೋ ಮುದ್ರಣದ ಟಿಪ್ಪಣಿ, ಪೀಠಿಕೆಗಳಿಗೆ ಇದೆ. ಪಠ್ಯ ಮಾತ್ರ ಟೈಪ್ ಮಾಡಿಸಿ, ಅಕ್ಷರ 14ರ ಗಾತ್ರ, ಐದೈದು ಸಾಲಿಗೆ ಸಂಖ್ಯೆ, ಬಲಗಡೆ ಮೂರನೇ ಒಂದು ಭಾಗ ಖಾಲಿ.

ಚಿಂತಾಮಣಿಯವ

ಇಷ್ಟೆಲ್ಲ ಆಡಿಸಿ ಕೊನೆಗೆ ಉತ್ತರಪತ್ರಿಕೇಲಿ ಗೈಡ್ ಬರೆದಿದ್ದೇ ಬರೀತಾರೆ: ಮ್ಯಾಕ್‌ಬೆತ್‌ನ ದೌರ್ಬಲ್ಯ ಮಹತ್ವಾಕಾಂಕ್ಷೆ, ಆದ್ದರಿಂದ ನಾಶವಾದ. ಎಲ್ಲ ಪೇಪರ್‌ನಲ್ಲೂ ಇದೇ ವಾಕ್ಯ. ಇದಕ್ಕೇನು ಮದ್ದು?

ಶ್ರೀನಿವಾಸಪುರ ಮಾವು

ಪ್ರಶ್ನೆ ಬದಲಿಸಬೇಕು ಸರ್. ಮ್ಯಾಕ್‌ಬೆತ್‌ನ ಗುಣ ವಿವರಿಸಿ ಅಂತ ಕೇಳಿದರೆ ಗೈಡೇ ಬರೋದು. 1.7 ಎದುರಿಗಿಟ್ಟು ಕೇಳಿ: ಶುರುವಿಗೆ 28 ಸಾಲು ಸ್ವಗತದಲ್ಲಿ ಕೊಲ್ಲಬಾರದು ಅನ್ನೋದಕ್ಕೆ ಅವನೇ ಎಷ್ಟು ಕಾರಣ ಕೊಡ್ತಾನೆ, ಹೆಂಡತಿ ಅದರಲ್ಲಿ ಯಾವುದಕ್ಕೆ ಉತ್ತರ ಕೊಡ್ತಾಳೆ? ನಾನು ಅವನ ಬಂಧು, ಅವನ ಪ್ರಜೆ, ಇವತ್ತು ಅವನಿಗೆ ಆತಿಥ್ಯ ಕೊಡೋ ಮನೆಯವನು, ರಾಜ ಒಳ್ಳೆಯವನು ಅಂತ ಅವನು ಹೇಳಿಕೊಳ್ತಾನೆ. ಮುಂದುವರಿಯೋದು ಬೇಡ ಅಂತ ಅವಳೆದುರು ಹೇಳುವಾಗ ಈ ಕಾರಣಗಳಲ್ಲಿ ಒಂದನ್ನೂ ಬಾಯಿಬಿಡಲ್ಲ, ರಾಜ ಮರ್ಯಾದೆ ಕೊಟ್ಟಿದ್ದಾನೆ, ಜನ ಮೆಚ್ಚಿದ್ದಾರೆ ಅಂತಷ್ಟೇ ಅಂತಾನೆ. ಅವಳು ಗಂಡಸ್ತನ ಎತ್ತಿ ಆಡ್ತಾಳೆ, ಸಿಕ್ಕಿಬಿದ್ದರೆ ಅನ್ನೋ ಭಯಕ್ಕೆ ಉಪಾಯ ಹೇಳ್ತಾಳೆ. ಅಲ್ಲಿಗೆ ಇವನು ಒಪ್ಪಿದ. ಇದನ್ನ ಗಮನಿಸಿದ ಮಗು ಮಹತ್ವಾಕಾಂಕ್ಷೆ ಅಂತ ಬರೆದರೂ ಮುಂದೆ ಎರಡು ಸಾಲು ಸ್ವಂತದ್ದು ಬರೆಯುತ್ತೆ.

ಇನ್ನೊಂದು, 5.1 ಇಡೀ ನಾಟಕದ ಮರುಪಾಠ. ನಿದ್ದೆಯಲ್ಲಿ ನಡೆಯೋ ಹೆಂಗಸಿನ ಒಡಕು ಮಾತುಗಳನ್ನ ಹತ್ತು ಚೀಟಿ ಮಾಡಿ. ಒಂದು, ಎರಡು ಅಂತ ಎಣಿಸೋದು; ಆ ಮುದುಕನ ಮೈಯಲ್ಲಿ ಅಷ್ಟು ರಕ್ತ ಇತ್ತು ಅಂತ ಯಾರು ಅಂದುಕೊಂಡಿದ್ರು ಅನ್ನೋದು; ಫೈಫ್‌ನವನ ಹೆಂಡತಿ; ಬ್ಯಾಂಕೋನ ಹೂಳಿ ಆಯ್ತು; ಬಾಗಿಲು ಬಡೀತಿದ್ದಾರೆ. ಪ್ರತಿಯೊಂದೂ ಹಿಂದಿನ ಯಾವ ದೃಶ್ಯದ್ದು ಅಂತ ಮಕ್ಕಳು ಜೋಡಿಸಬೇಕು. ಅದರಲ್ಲಿ 2.2ಕ್ಕೆ ಹೋಗೋದೇ ಹೆಚ್ಚು. ಸ್ವಲ್ಪ ನೀರು ಸಾಕು, ಎಲ್ಲ ತೊಳೆದು ಹೋಗುತ್ತೆ ಅಂತ ಅಲ್ಲಿ ಹೇಳಿದವಳೂ ಇವಳೇ. ಪದ್ಯದಲ್ಲಿ ಮಾತಾಡ್ತಿದ್ದವಳು ಇಲ್ಲಿ ಗದ್ಯಕ್ಕೆ ಇಳಿದಿದ್ದಾಳೆ. ಬಾಗೇಪಲ್ಲಿ ಮೇಡಂ ಚಪ್ಪಾಳೆ ಹಾಕಿಸಿ ನೋಡಲಿ, ಕೂಡಲ್ಲ.

ತಿಪಟೂರು ಕೊಬ್ರಿ

ಮಾರ್ಕ್ಸ್ ವಿಷಯ: ಉತ್ತರದಲ್ಲಿ ನಾಲ್ಕು ಸಾಲು ಉದ್ಧರಣೆ ಬಾಯಿಪಾಠ ಬರೆಸೋದು ಬಿಡಿ. ಮೂರರಿಂದ ಆರು ಪದದ ತುಣುಕು, ಅದನ್ನ ಯಾರು ಯಾರಿಗೆ ಯಾವಾಗ ಹೇಳಿದ್ರು, ಅದರಿಂದ ಏನು ಗೊತ್ತಾಯ್ತು. ಹತ್ತು ಮಾರ್ಕ್ಸ್‌ಗೆ ಇಂಥ ಮೂರು ತುಣುಕು ಸಾಕು. ಬರೀ ಕಥೆ ಹೇಳಿದ್ದಕ್ಕೆ ನಾಲ್ಕಕ್ಕಿಂತ ಮೇಲೆ ಕೊಡಲ್ಲ ಅಂತ ಮೊದಲೇ ತಿಳಿಸಿಬಿಡಿ.

ಪೇಪರ್‌ನಲ್ಲಿ ಪದೇ ಪದೇ ಕಾಣೋ ತಪ್ಪುಗಳು: ಬ್ಯಾಂಕೋನನ್ನ ಮ್ಯಾಕ್‌ಬೆತ್ ಸ್ವತಃ ಕೊಂದ (ಬಾಡಿಗೆ ಕೊಲೆಗಾರರು, 3.3). ಲೇಡಿ ಮ್ಯಾಕ್‌ಬೆತ್‌ಗೆ ಕರುಣೆಯೇ ಇಲ್ಲ (ಮಲಗಿದ್ದ ರಾಜ ತನ್ನ ತಂದೆಯ ಹಾಗೆ ಕಾಣದಿದ್ದರೆ ತಾನೇ ಕೊಲ್ತಿದ್ದೆ ಅಂತಾಳೆ, 2.2). ಬರ್ನಮ್ ಕಾಡು ನಿಜವಾಗಿ ನಡೆದು ಬಂತು (ಸೈನಿಕರು ಅದರ ಕೊಂಬೆ ಹಿಡಿದು ಬಂದಿದ್ದು, 5.4). ಡಂಕನ್ ಇತಿಹಾಸದಲ್ಲೂ ಹಾಸಿಗೆ ಮೇಲೆ ಸತ್ತ ಅಂತ ಒಬ್ಬಿಬ್ಬರು ಜಾಣರು ಸೇರಿಸ್ತಾರೆ. ಅವನು 1040ರಲ್ಲಿ ಸತ್ತಿದ್ದು ಯುದ್ಧದಲ್ಲಿ, ಆಮೇಲೆ ನಿಜವಾದ ಮ್ಯಾಕ್‌ಬೆತ್ 17 ವರ್ಷ ಆಳಿದ.

ಪಾವಗಡ ಬಿಸಿಲು

ಸಿನಿಮಾ ತೋರಿಸಿದರೆ?

ಬಾಗೇಪಲ್ಲಿ ಟೀಚರ್

ಪೂರ್ತಿ ಬೇಡ ಸರ್. 1971ರಲ್ಲಿ ಬಂದ ಪೊಲಾನ್ಸ್ಕಿಯ ಮ್ಯಾಕ್‌ಬೆತ್ ಸಿನಿಮಾದಲ್ಲಿ ಬೆತ್ತಲೆ ದೃಶ್ಯ, ರಕ್ತಪಾತ ಎರಡೂ ಇದೆ, ಶಾಲೆಗೆ ಆಗಲ್ಲ. ಯಾವುದೇ ಆದರೂ ಮಕ್ಕಳು ಆಡಿ ಮುಗಿಸಿದ ಮೇಲೆ ಅದೇ ದೃಶ್ಯ ಐದಾರು ನಿಮಿಷ ತೋರಿಸಿ. ಮೊದಲೇ ತೋರಿಸಿದರೆ ಆ ನಟನನ್ನ ನಕಲು ಮಾಡ್ತಾರೆ.

ಕೊರಟಗೆರೆ ಇಂಗ್ಲಿಷ್

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಕೊನೇದೊಂದು ಪ್ರಶ್ನೆ. ವಾರ್ಷಿಕೋತ್ಸವಕ್ಕೆ 20 ನಿಮಿಷ ಕೊಟ್ಟಿದ್ದಾರೆ. ಯಾವ ದೃಶ್ಯ ಹಾಕಲಿ? ಎರಡೇ ಸ್ಟ್ಯಾಂಡ್ ಮೈಕ್ ಇದೆ. ಬರ್ನಮ್ ಕಾಡಿಗೆ ಕೊಂಬೆ ಎಲ್ಲಿಂದ ತರೋದು?

ಗುಬ್ಬಿ ಹಾರ್ಮೋನಿಯಂ

1.1, 2.2, 5.1 ಮೂರೇ ಸಾಕು, ಮಧ್ಯೆ ಒಬ್ಬ ಕನ್ನಡದಲ್ಲಿ ಕಥೆ ಹೇಳ್ಲಿ. ಔತಣ ವೇದಿಕೆ ಮೇಲೆ ಬೇಡ, ಎರಡು ಮೈಕ್‌ಗೆ ಹನ್ನೆರಡು ಜನ ನುಗ್ತಾರೆ. ಮೈಕ್ ಎರಡನ್ನೂ ಮುಂದಿನ ಅಂಚಲ್ಲಿ ಆರಡಿ ಅಂತರದಾಗೆ ಇಡಿ, ಸ್ಪೀಕರ್ ಮೈಕ್‌ಗಿಂತ ಮುಂದಿರ್ಲಿ, ಹಿಂದಿದ್ರೆ ಕುಯ್ ಅಂತದೆ. 2.2ರ ಪಿಸುಮಾತು ಮೈಕ್ ಹತ್ರಾನೇ ನಿಂತ್ ಆಡ್ಲಿ, ಅದು ಬಿಟ್ಟು ಅತ್ತಿತ್ತ ಓಡಾಡಂಗಿಲ್ಲ. ದೀಪ ಆರಿಸಿ ನಿಜವಾದ ಮೇಣದಬತ್ತಿ ಹಿಡ್ಕಂಡು 5.1 ಮಾಡ್ಸೋಕೆ ಹೋಗ್ಬೇಡಿ, ಉದ್ದ ಜಡೆ, ದುಪಟ್ಟಾ ಇರ್ತದೆ. ಬ್ಯಾಟರಿ ಬತ್ತಿ ಅಂಗಡೀಲಿ ಸಿಗ್ತದೆ.

5.1ಕ್ಕೇ ನಿಲ್ಸಿದ್ರೆ ಕಾಡು ಬೇಕಾಗಲ್ಲ. ಬೇಕೇ ಬೇಕು ಅಂದ್ರೆ ಹೊಂಗೆ ಕೊಂಬೆ ತನ್ನಿ, ಎರಡಡಿ ಉದ್ದ, ಒಬ್ಬೊಬ್ರಿಗೆ ಎರಡು. ಬೆಳಗ್ಗೆನೇ ಕಡಿದಿಟ್ರೆ ಸಂಜೆ ಹೊತ್ಗೆ ಬಾಡ್ತದೆ, ಮಧ್ಯಾಹ್ನದ ಮೇಲೆ ಕಡಿದು ಬುಡ ಬಕೆಟ್ ನೀರಲ್ಲಿಡಿ. ಪಾರ್ಥೇನಿಯಂ ಗಿಡ ಕಿತ್ಕಂಡು ಬರೋ ಹುಡುಗ್ರು ಇರ್ತಾರೆ, ತುರಿಕೆ ಬತ್ತದೆ, ಮೊದ್ಲೇ ಹೇಳ್ಬಿಡಿ.